ಅತ್ತು ಅತ್ತು ಸುಮ್ಮನಾದ ಮಗು

ದಾವಣಗೆರೆಯಿಂದ ಗೃಹಿಣಿಯೊಬ್ಬರು ಪತ್ರ ಬರೆದಿದ್ದಾರೆ. ಅವರಿಗೆ ಹತ್ತು ತಿಂಗಳ ಗಂಡು ಮಗು. "ಮಗುವಿನ ಮೈ ಸ್ವಲ್ಪ ಬಿಸಿಯಾದರೂ ನನಗೆ ಗಾಬರಿ. ಡಾಕ್ಟರ ಹತ್ತಿರ ಹೋಗೋಣವೆಂದರೆ ಅತ್ತೆಯವರು 'ನಾವೂ ಐದು ಮಕ್ಕಳನ್ನು ಸಾಕಿದ್ದೇವೆ, ಇಷ್ಟಕ್ಕೆಲ್ಲ ಡಾಕ್ಟರೇ?' ಎನ್ನುತ್ತಾರೆ. ಸುಮ್ಮನಿದ್ದು ಕಾಯಿಲೆ ಜೋರಾದರೆ ನಮ್ಮವರು 'ಮೊದಲೇ ಹೇಳಬಾರದಿತ್ತೇ?' ಎಂದು ನನ್ನ ಮೇಲೇ ರೇಗುತ್ತಾರೆ. ಯಾವಾಗ ಹೋಗಬೇಕು, ಯಾವಾಗ ಮನೆಯಲ್ಲೇ ನೋಡಿಕೊಳ್ಳಬಹುದು, ದಯವಿಟ್ಟು ತಿಳಿಸಿ" ಎಂದು ಕೇಳಿದ್ದಾರೆ.

ಇದು ಅವರೊಬ್ಬರ ಪ್ರಶ್ನೆಯಲ್ಲ. ಎಳೆಯ ಮಗುವಿರುವ ಪ್ರತಿ ಮನೆಯಲ್ಲೂ ರಾತ್ರಿ ಹತ್ತರ ಮೇಲೆ ಏಳುವ ಪ್ರಶ್ನೆ. ಉತ್ತರಿಸುವ ಮೊದಲು ನನ್ನ ಚಿಕಿತ್ಸಾಲಯದಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು.

ಮಳೆಗಾಲದ ಒಂದು ಸಂಜೆ. ಹೊರಗೆ ಬೆಂಚಿನ ತುಂಬ ಜನ. ತಂದೆಯೊಬ್ಬರು ಮೂರು ವರ್ಷದ ಮಗಳನ್ನು ಎತ್ತಿಕೊಂಡು, ಸರದಿಯನ್ನೂ ಲೆಕ್ಕಿಸದೆ ಒಳಗೆ ನುಗ್ಗಿದರು. "103 ಡಿಗ್ರಿ ಜ್ವರ ಡಾಕ್ಟ್ರೇ, ಮೊದಲು ಇವಳನ್ನು ನೋಡಿ!" ನೋಡಿದೆ. ಹುಡುಗಿ ನನ್ನ ಟಾರ್ಚನ್ನು ಕಿತ್ತುಕೊಂಡಳು. ಬಾಯಿ ತೆರೆಯೆಂದರೆ ಹಲ್ಲು ಕಚ್ಚಿದಳು. ಸ್ಟೆತಾಸ್ಕೋಪು ಎದೆಗಿಟ್ಟಾಗ ನನ್ನ ಕೈಗೆ ಒಂದು ಏಟನ್ನೂ ಕೊಟ್ಟಳು. ನೆಗಡಿಯಾಗಿತ್ತು, ಗಂಟಲು ಕೆಂಪಾಗಿತ್ತು, ಅಷ್ಟೇ. ಗಾಬರಿಗೊಂಡಿದ್ದ ತಂದೆಗೆ ಧೈರ್ಯ ಹೇಳಿ ಕಳುಹಿಸುವಷ್ಟರಲ್ಲಿ ಕಾಲು ಗಂಟೆ ಕಳೆಯಿತು.

ಬೆಂಚಿನ ಕೊನೆಯಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ತಾಯಿ, ಪಕ್ಕದಲ್ಲಿ ಅಜ್ಜಿ. ಅಜ್ಜಿಯ ಮಡಿಲಲ್ಲಿ ಬಟ್ಟೆ ಸುತ್ತಿದ ಒಂದೂವರೆ ತಿಂಗಳ ಕೂಸು. ಹಳ್ಳಿಯಿಂದ ಬಸ್ಸು ಹಿಡಿದು ಬಂದವರು. ಯಾರನ್ನೂ ದಾಟಿ ಬರದೆ ಸರದಿಗಾಗಿ ಒಂದು ಗಂಟೆ ಕುಳಿತಿದ್ದರು. ಒಳಗೆ ಬಂದ ಅಜ್ಜಿ ಹೇಳಿದರು: "ಜ್ವರ ಏನಿಲ್ಲ ಸ್ವಾಮಿ. ರಾತ್ರಿಯೆಲ್ಲ ಅತ್ತೂ ಅತ್ತೂ ಬೆಳಿಗ್ಗೆಯಿಂದ ಸುಮ್ಮನಾಗಿದೆ." ತಾಯಿ ಮೆಲ್ಲಗೆ ಸೇರಿಸಿದಳು: "ಬೆಳಿಗ್ಗೆಯಿಂದ ಎದೆಹಾಲು ಹಿಡೀತಿಲ್ಲ."

ಬಟ್ಟೆ ಬಿಚ್ಚಿದೆ. ಜ್ವರ ಇರಲಿಲ್ಲ, ನಿಜ. ಮೈ ತಣ್ಣಗಾಗಿತ್ತು. ಅಂಗಾಲಿಗೆ ಬೆರಳಿನಿಂದ ತಟ್ಟಿದರೆ ಒಮ್ಮೆ ಮುಲುಗಿತೇ ಹೊರತು ಕಣ್ಣು ಬಿಡಲಿಲ್ಲ. ಉಸಿರು ನಿಮಿಷಕ್ಕೆ 70ರ ಮೇಲಿತ್ತು. ಸೋಂಕು ರಕ್ತಕ್ಕೆ ಹರಡಿರುವ ಲಕ್ಷಣಗಳಿವು. ಮೊದಲ ಇಂಜೆಕ್ಷನ್ ಕೊಟ್ಟು, ಕೂಸನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗಿರಿಸಿ, ಆಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆ.

ಆ ಕೂಸು ಬದುಕಿತು. ಎರಡು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿತು. ಆದರೆ ಹಾಗೆ ತಡವಾಗಿ ಬಂದ ಎಲ್ಲ ಮಕ್ಕಳೂ ಬದುಕಿಲ್ಲ. ಅಂದಿನ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕೂಗಾಡುವ ಮಗುವಿಗೆ ಬಾಗಿಲು ತೆರೆದು, ಕೂಗಲೂ ಶಕ್ತಿಯಿಲ್ಲದ ಮಗುವನ್ನು ಒಂದು ಗಂಟೆ ಬೆಂಚಿನಲ್ಲಿ ಕೂರಿಸಿದೆ. ಅಂದಿನಿಂದ ನಮ್ಮ ಕಾಂಪೌಂಡರಿಗೆ ಒಂದು ಮಾತು ಹೇಳಿಟ್ಟಿದ್ದೇನೆ: ಅಳುವ ಮಗು ಸ್ವಲ್ಪ ಕಾಯಲಿ, ಅಳದೆ ಸೋತು ಮಲಗಿರುವ ಮಗು ಮೊದಲು ಒಳಗೆ ಬರಲಿ.

ಅಂಕಿಗಿಂತ ಮಗು ಮುಖ್ಯ

ಮನೆಯವರು ಜ್ವರವನ್ನು ನೋಡಿದರು, ತಾಯಿ ಮಗುವನ್ನು ನೋಡಿದಳು. ಪತ್ರ ಬರೆದ ಸೋದರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಜ್ವರ ಎಂಬುದು ರೋಗಾಣುವಿನ ವಿರುದ್ಧ ದೇಹ ಹೋರಾಡುತ್ತಿರುವುದರ ಗುರುತು. ಅದು 102 ಇದೆಯೋ 103 ಇದೆಯೋ ಎಂಬುದಕ್ಕಿಂತ ಮಗು ಹೇಗಿದೆ ಎಂಬುದು ಹೆಚ್ಚಿನ ಸಂಗತಿ.

ಮೂರು ತಿಂಗಳು ದಾಟಿದ ಮಗುವಿಗೆ ಜ್ವರ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಹಾಲು, ನೀರು ಕುಡಿಯುತ್ತಿದೆಯೇ? ಜ್ವರ ಇಳಿದಾಗಲಾದರೂ ನಗುತ್ತ, ಆಡುತ್ತ ಇದೆಯೇ? ಎಂದಿನಂತೆ ಮೂತ್ರ ಮಾಡುತ್ತಿದೆಯೇ? ಮೂರಕ್ಕೂ ಹೌದು ಎಂಬ ಉತ್ತರವಿದ್ದರೆ, ಉಸಿರಾಟವೂ ಸರಾಗವಾಗಿದ್ದರೆ, ಒಂದೆರಡು ದಿನ ಮನೆಯಲ್ಲೇ ನೋಡಿಕೊಳ್ಳಬಹುದು. ಮೂರನೆಯ ದಿನವೂ ಜ್ವರ ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಯಾವುದಾದರೂ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಅಂದೇ ತೋರಿಸಿ.

ಜ್ವರದ ಮಗುವಿಗೆ ಕಂಬಳಿ ಹೊದಿಸಬೇಡಿ, ತೆಳುವಾದ ಬಟ್ಟೆ ಸಾಕು. ಕೊಡಬಹುದಾದ ಔಷಧ ಪ್ಯಾರಾಸಿಟಮಾಲ್ ಒಂದೇ. ಅದರ ಪ್ರಮಾಣ ತೂಕಕ್ಕೆ ತಕ್ಕಂತೆ: ಒಂದು ಕಿಲೋಗೆ 15 ಮಿಲಿಗ್ರಾಂ, ಅಂದರೆ 10 ಕಿಲೋ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ. ಎರಡು ಸಲದ ನಡುವೆ 6 ಗಂಟೆ ಅಂತರವಿರಲಿ. ಇಲ್ಲೊಂದು ಎಚ್ಚರಿಕೆ. ಹನಿಯಾಗಿ ಹಾಕುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂ.ಎಲ್.ಗೆ 120 ಅಥವಾ 125, ಕೆಲವದರಲ್ಲಿ 250. ಬಾಟಲಿ ಬದಲಾದರೆ ಅಳತೆಯೂ ಬದಲಾಗುತ್ತದೆ. ಚೀಟಿಯನ್ನು ಓದದೆ ಕೊಡಬೇಡಿ. ಆಸ್ಪಿರಿನ್ ಮಕ್ಕಳಿಗೆ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ.

ಮೂರು ತಿಂಗಳೊಳಗಿನ ಕೂಸಿನ ಲೆಕ್ಕವೇ ಬೇರೆ

ಮೇಲಿನ ಮಾತು ಮೂರು ತಿಂಗಳೊಳಗಿನ ಕೂಸಿಗೆ ಅನ್ವಯಿಸುವುದಿಲ್ಲ. ಅಲ್ಲಿ 100.4 ಡಿಗ್ರಿ ಜ್ವರ ಬಂದರೂ ಸಾಕು, ಅಂದೇ, ರಾತ್ರಿಯಾದರೂ ಸರಿ, ವೈದ್ಯರ ಬಳಿಗೆ ಹೋಗಬೇಕು. ಮೈ ತಣ್ಣಗಾದರೂ, ಹಾಲು ಹಿಡಿಯದಿದ್ದರೂ, ಎಬ್ಬಿಸಿದರೆ ಏಳದಿದ್ದರೂ ಹಾಗೆಯೇ. ಜ್ವರವಿಲ್ಲ ಎಂಬ ಸಮಾಧಾನ ಬೇಡ. ಇಷ್ಟು ಎಳೆಯ ದೇಹಕ್ಕೆ ಎಷ್ಟೋ ಸಲ ಜ್ವರ ಬರಿಸುವ ಶಕ್ತಿಯೂ ಇರುವುದಿಲ್ಲ. ಬಜೆ ತೇಯ್ದು ನೆಕ್ಕಿಸುವುದು, ದೃಷ್ಟಿ ತೆಗೆಯುವುದು, ಕೆಲವು ಕಡೆ ಹೊಟ್ಟೆಗೆ ಬರೆ ಹಾಕುವುದು, ಇವುಗಳಲ್ಲಿ ಅರ್ಧ ದಿನ ಕಳೆದರೆ ಆ ಅರ್ಧ ದಿನವೇ ಪ್ರಾಣಕ್ಕೆ ಕುತ್ತಾಗಬಹುದು. ಬರೆಯಂತೂ ಯಾವ ಕಾಯಿಲೆಗೂ ಮದ್ದಲ್ಲ. ಸುಟ್ಟ ಗಾಯ ಇನ್ನೊಂದು ಸೋಂಕಿಗೆ ದಾರಿ.

ಹುಟ್ಟಿದ ಮಕ್ಕಳಲ್ಲಿ ಕಾಮಾಲೆ ಸಾಮಾನ್ಯ. ಆದರೆ ಹುಟ್ಟಿದ 24 ಗಂಟೆಯೊಳಗೆ ಕಾಣಿಸಿದರೆ, ಅಂಗೈ ಅಂಗಾಲೂ ಹಳದಿಯಾದರೆ, ಎರಡು ವಾರ ಕಳೆದರೂ ಹೋಗದಿದ್ದರೆ ತೋರಿಸಲೇಬೇಕು. ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಎಳೆಬಿಸಿಲಿಗೆ ಹಿಡಿಯುತ್ತ ಕೂರಬೇಡಿ. ಪಿತ್ತನಾಳ ಮುಚ್ಚಿಹೋಗಿರುವ ಸಂಭವವಿದೆ. ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಮಗುವಿಗೆ ಎರಡು ತಿಂಗಳು ತುಂಬುವುದರೊಳಗೆ ಆದರೆ ಫಲ ಹೆಚ್ಚು.

ಉಸಿರನ್ನು ಎಣಿಸಿ

ನೆಗಡಿ, ಕೆಮ್ಮು ಮಕ್ಕಳಿಗೆ ವರ್ಷದಲ್ಲಿ ಹಲವು ಸಲ ಬರುತ್ತವೆ, ಹತ್ತು ದಿನದೊಳಗೆ ತಾವಾಗಿ ಹೋಗುತ್ತವೆ. ಅದು ನ್ಯುಮೋನಿಯಾ ಆಗಿದೆಯೇ ಎಂದು ತಿಳಿಯಲು ಮನೆಯಲ್ಲೇ ಒಂದು ಉಪಾಯವಿದೆ. ಬೇಕಾದದ್ದು ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ ಮಾತ್ರ. ಮಗು ಅಳದೆ ಇರುವಾಗ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಅಂಗಿಯನ್ನು ಮೇಲೆತ್ತಿ, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಹೆಚ್ಚು, 2 ತಿಂಗಳಿನಿಂದ 1 ವರ್ಷದವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಉಸಿರು ಜೋರಾಗಿದೆ ಎಂದರ್ಥ. ಅಂದೇ ವೈದ್ಯರನ್ನು ಕಾಣಿ. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ತುಟಿ ನೀಲಿಯಾದರೆ ಗಳಿಗೆಯೂ ತಡಮಾಡಬೇಡಿ.

ಕೆಮ್ಮಿನ ಸಿರಪ್ಪನ್ನು ಅಂಗಡಿಯಿಂದ ನೀವಾಗಿ ತಂದು ಕೊಡಬೇಡಿ. ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತ ಸುದ್ದಿಯನ್ನು ನೀವು ಓದಿರುತ್ತೀರಿ. ಎರಡು ವರ್ಷದೊಳಗಿನವರಿಗೆ ಇಂಥ ಔಷಧ ಕೂಡದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಆಗ ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು. ಒಂದು ವರ್ಷ ದಾಟಿದ ಮಗುವಿಗೆ ಅರ್ಧ ಚಮಚ ಜೇನುತುಪ್ಪ ಹಿತ. ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು.

ಹಲ್ಲು ಬರುವಾಗಿನ ಭೇದಿ

"ಹಲ್ಲು ಬರುತ್ತಿದೆ, ಭೇದಿ ಸಹಜ" ಎಂಬ ಮಾತು ನಮ್ಮಲ್ಲಿದೆ. ಹಲ್ಲು ಭೇದಿ ತರುವುದಿಲ್ಲ. ಆ ವಯಸ್ಸಿನಲ್ಲಿ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ರೋಗಾಣು ಹೊಟ್ಟೆ ಸೇರುತ್ತದೆ. ಭೇದಿಯಲ್ಲಿ ಪ್ರಾಣ ತೆಗೆಯುವುದು ದೇಹದ ನೀರು, ಉಪ್ಪು ಬರಿದಾಗುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು-ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿಯೇ ಸಾವಿರಾರು ಜನರನ್ನು ಉಳಿಸಿದರು. ಕುಡಿಸಿದವರು ರೋಗಿಗಳ ತಾಯಂದಿರು, ಬಂಧುಗಳು.

ಅದೇ ಓಆರ್‌ಎಸ್ ಇಂದು ಅಂಗನವಾಡಿಯಲ್ಲೂ ಸಿಗುತ್ತದೆ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿ ಸುರಿಯಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂ.ಎಲ್. ಚಮಚದಲ್ಲಿ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ, ಪಥ್ಯದ ಹೆಸರಿನಲ್ಲಿ ಉಪವಾಸ ಕೆಡವಬೇಡಿ. ಕಣ್ಣು ಗುಳಿಬಿದ್ದರೆ, ನಾಲಿಗೆ ಒಣಗಿದರೆ, 6ರಿಂದ 8 ಗಂಟೆ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಸಿದ್ದೆಲ್ಲ ವಾಂತಿಯಾದರೆ ಆಸ್ಪತ್ರೆಗೆ ಹೋಗಿ.

ಜ್ವರ ಬಿಟ್ಟ ಮೇಲೂ ಎಚ್ಚರ

ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಈ ಜ್ವರದ ಸ್ವಭಾವ ವಿಚಿತ್ರ. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಪಾಯ ಶುರುವಾಗುವುದು ಆಗಲೇ. ಜ್ವರ ಬಿಟ್ಟ ಮೇಲೆ ಮಗು ಹುಷಾರಾಗದೆ ಮಂಕಾದರೆ, ತೀವ್ರ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ತಣ್ಣಗಾದ ಕೈಕಾಲು ಕಂಡರೆ ಕೂಡಲೇ ಆಸ್ಪತ್ರೆಗೆ ಸೇರಿಸಿ. ಡೆಂಗಿಯ ಶಂಕೆಯಿದ್ದಾಗ ಐಬುಪ್ರೊಫೇನ್ ಕೂಡ ಕೊಡಬಾರದು.

ಫಿಟ್ಸ್ ಬಂದರೆ

ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಲ್ಲಿ ಕೆಲವರಿಗೆ ಜ್ವರ ಏರುವಾಗ ಫಿಟ್ಸ್ ಬರುವುದುಂಟು. ನೋಡುವವರ ಜೀವ ಬಾಯಿಗೆ ಬರುತ್ತದೆ. ಆದರೆ ಹೆಚ್ಚಿನವು ಕೆಲವೇ ನಿಮಿಷದಲ್ಲಿ ನಿಲ್ಲುತ್ತವೆ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಕೈಗೆ ಬೀಗದಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಗಡಿಯಾರ ನೋಡಿಕೊಳ್ಳಿ. 5 ನಿಮಿಷ ಮೀರಿದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಬಂದದ್ದಾದರೆ, ನಿಂತರೂ, ಅಂದೇ ವೈದ್ಯರಿಗೆ ತೋರಿಸಿ.

ತಲೆಗೆ ಪೆಟ್ಟು ಬಿದ್ದು ವಾಂತಿ ಅಥವಾ ಮಂಪರು, ಹಸಿರು ಬಣ್ಣದ ವಾಂತಿ, ಒತ್ತಿದರೂ ಮಾಸದ ಕೆನ್ನೀಲಿ ಕಲೆ, ನುಂಗಿದ ಸೀಮೆಎಣ್ಣೆ, ಮಾತ್ರೆ ಅಥವಾ ಗುಂಡಿಯಾಕಾರದ ಬ್ಯಾಟರಿ, ಇವೂ ಕಾಯುವ ಕಾಯಿಲೆಗಳಲ್ಲ. ನುಂಗಿದ್ದನ್ನು ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಒಯ್ಯಿರಿ.

ಅತ್ತೆಯವರಿಗೂ ಒಂದು ಮಾತು

ಐದು ಮಕ್ಕಳನ್ನು ಸಾಕಿದ ಅನುಭವ ಸಣ್ಣದಲ್ಲ. "ಮಗು ಎಂದಿನಂತಿಲ್ಲ" ಎಂಬುದನ್ನು ಅಂಥವರ ಕಣ್ಣು ಎಲ್ಲರಿಗಿಂತ ಮೊದಲು ಹಿಡಿಯುತ್ತದೆ. ಆದ್ದರಿಂದ ಸೊಸೆ "ಹೋಗೋಣ" ಎಂದಾಗ "ಇಷ್ಟಕ್ಕೆಲ್ಲವೇ?" ಎನ್ನುವ ಬದಲು ಇಬ್ಬರೂ ಕೂಡಿ ಮಗುವನ್ನು ಐದು ನಿಮಿಷ ನೋಡಿ. ಹಾಲು, ಆಟ, ಮೂತ್ರ, ಉಸಿರು. ಈ ನಾಲ್ಕನ್ನು ನೋಡಿದ ಮೇಲೆ ಅನುಮಾನ ಉಳಿದರೆ ಹೊರಡಿ. ಹೊರಡುವಾಗ ಜ್ವರ ಎಂದಿನಿಂದ, ಕಡೆಯ ಸಲ ಮೂತ್ರ ಮಾಡಿದ್ದು ಯಾವಾಗ, ಯಾವ ಔಷಧ ಎಷ್ಟು ಕೊಟ್ಟಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಲಸಿಕೆಯ ಕಾರ್ಡನ್ನೂ ಔಷಧದ ಬಾಟಲಿಯನ್ನೂ ಜೊತೆಗೆ ತನ್ನಿ.

ಬಂದ ಮೇಲೆ ನಾವು "ಏನೂ ಇಲ್ಲಮ್ಮ, ಕರೆದುಕೊಂಡು ಹೋಗಿ" ಎಂದರೆ ನಾಚಿಕೊಳ್ಳಬೇಡಿ. ದಿನಕ್ಕೆ ಹತ್ತು ಸಲ ಆ ಮಾತು ಹೇಳಲು ನನಗೆ ಬೇಸರವಿಲ್ಲ. ನನಗೆ ಕಷ್ಟವಾಗುವುದು "ಸ್ವಲ್ಪ ಮೊದಲೇ ಬರಬಾರದಿತ್ತೇ ತಾಯಿ?" ಎಂದು ಕೇಳುವುದು. ಸರದಿಯಲ್ಲಿ ಕುಳಿತಾಗ ಮಗು ತೀರ ಸುಮ್ಮನಾಗಿದ್ದರೆ ಮಾತ್ರ ಸಂಕೋಚಪಡಬೇಡಿ. ಎದ್ದು ಬಂದು ಬಾಗಿಲು ತಟ್ಟಿ.