ಹಿಂದಿನ ಸೀಟಿನ ಮಾತು

ನಿಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿರಬಹುದು. ರಾತ್ರಿಯ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ನಾಳೆಯ ತಿಂಡಿಗೆ ಅಕ್ಕಿ ನೆನೆ ಹಾಕಿ ನೀವು ಹಾಲ್‌ಗೆ ಬರುವಷ್ಟರಲ್ಲಿ ಟಿವಿಯ ರಿಮೋಟ್ ಮಕ್ಕಳ ಕೈ ಸೇರಿರುತ್ತದೆ. ಪರದೆಯ ಮೇಲೆ ವಿಮಾನವೊಂದು ಮೋಡಗಳ ನಡುವೆ ನಡುಗುತ್ತಿರುತ್ತದೆ. ಇಲ್ಲವೇ ರೈಲೊಂದು ಹಳಿ ತಪ್ಪುತ್ತಿರುತ್ತದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ.

ಒಂದು ರಾತ್ರಿ ನಾನು ಗದರಿಸಿದೆ. "ಇನ್ನೊಂದು ವಾರದಲ್ಲಿ ನಿಮ್ಮ ಮಾಮ ವಿಮಾನದಲ್ಲಿ ಊರಿಗೆ ಬರುವುದಿದೆ. ಇಂಥದ್ದನ್ನೆಲ್ಲ ನೋಡಿ ನಿಮಗೇನು ಸಿಗುತ್ತದೆ? ಬಂದ್ ಮಾಡಿ!"

ಎಂಟನೇ ತರಗತಿಯ ಮಗಳು ತಿರುಗಿಯೂ ನೋಡದೆ ಹೇಳಿದಳು: "ಉಮ್ಮಾ, ವಿಮಾನ ಬೀಳುವುದನ್ನು ನೋಡುವುದಲ್ಲ. ಯಾಕೆ ಬಿತ್ತು ಎಂದು ಹುಡುಕುವುದನ್ನು ನೋಡುವುದು."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ನಾನೂ ಅವರ ಪಕ್ಕದಲ್ಲಿ ಕುಳಿತೆ. ಅಂದು ನೋಡಿದ ಸಂಗತಿಯನ್ನು ನಿಮ್ಮೊಂದಿಗೂ ಹಂಚಿಕೊಳ್ಳಬೇಕೆನಿಸಿತು.

ಕಾರು, ರೈಲು, ವಿಮಾನಗಳ ಬಗ್ಗೆ ಹಲವಾರು ಸಾಕ್ಷ್ಯಚಿತ್ರ ಸರಣಿಗಳಿವೆ. ಕೆಲವು ಅವುಗಳ ವೇಗವನ್ನೂ ಅಂದವನ್ನೂ ಹೊಗಳುತ್ತವೆ. ನಮ್ಮ ಮಕ್ಕಳು ನೋಡುತ್ತಿದ್ದದ್ದು ಬೇರೆ ಬಗೆಯದು. ಕೆನಡಾ ದೇಶದಲ್ಲಿ 2003ರಲ್ಲಿ ಆರಂಭವಾದ 'ಮೇಡೇ' ಎಂಬ ಸರಣಿಯನ್ನು ನಮ್ಮಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಚಾನೆಲ್ 'ಏರ್ ಕ್ರ್ಯಾಶ್ ಇನ್ವೆಸ್ಟಿಗೇಶನ್' ಎಂಬ ಹೆಸರಿನಲ್ಲಿ ತೋರಿಸಿತು. 2004ರಲ್ಲಿ 'ಸೆಕೆಂಡ್ಸ್ ಫ್ರಮ್ ಡಿಸಾಸ್ಟರ್' ಎಂಬ ಇನ್ನೊಂದು ಸರಣಿ ಶುರುವಾಯಿತು. ರೈಲು, ಕಟ್ಟಡ, ಹಡಗುಗಳ ದುರಂತಗಳೂ ಅದರಲ್ಲಿವೆ. ಎರಡರ ದಾರಿಯೂ ಒಂದೇ. ಮೊದಲು ಅಪಘಾತ, ನಂತರ ತನಿಖೆ, ಕೊನೆಗೆ ಇಂಥದ್ದು ಮತ್ತೆ ಆಗದಂತೆ ಏನು ಬದಲಾಯಿತು ಎಂಬ ವಿವರ.

ನಾನು ಕುಳಿತ ದಿನ ಟೆನೆರಿಫ್‌ನ ಕಥೆ ಬರುತ್ತಿತ್ತು. ಅದು ಸ್ಪೇನ್ ದೇಶಕ್ಕೆ ಸೇರಿದ ಒಂದು ದ್ವೀಪ. 1977ರ ಮಾರ್ಚ್ 27ರಂದು ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದ ಕಾರಣ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳನ್ನೆಲ್ಲ ಇಲ್ಲಿಗೆ ಕಳುಹಿಸಲಾಗಿತ್ತು. ಸಣ್ಣ ನಿಲ್ದಾಣ, ತುಂಬಿದ ವಿಮಾನಗಳು, ಮೇಲಿಂದ ದಟ್ಟ ಮಂಜು. ನೆದರ್ಲೆಂಡ್ಸ್‌ನ ಕೆಎಲ್‌ಎಂ ಕಂಪೆನಿಯ ಜಂಬೋ ವಿಮಾನ ರನ್‌ವೇಯ ಒಂದು ತುದಿಯಲ್ಲಿ ಹಾರಲು ಸಿದ್ಧವಾಗಿ ನಿಂತಿತ್ತು. ಅದೇ ರನ್‌ವೇ ಮೇಲೆ ಅಮೆರಿಕದ ಪ್ಯಾನ್ ಆ್ಯಮ್ ಕಂಪೆನಿಯ ಇನ್ನೊಂದು ಜಂಬೋ ಎದುರಿನಿಂದ ನಿಧಾನವಾಗಿ ಬರುತ್ತಿತ್ತು. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಸಾಮಾನ್ಯ ವ್ಯಕ್ತಿಯಲ್ಲ. ಇತರ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಕಂಪೆನಿಯ ಜಾಹೀರಾತಿನಲ್ಲಿ ಅವರದೇ ಚಿತ್ರ. ಹಾರಲು ಅನುಮತಿ ಸಿಗುವ ಮೊದಲೇ ಅವರು ವಿಮಾನವನ್ನು ಓಡಿಸಿಬಿಟ್ಟರು. ಅವರ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂತು. ಆ ಇನ್ನೊಂದು ವಿಮಾನ ರನ್‌ವೇಯಿಂದ ಇನ್ನೂ ಹೊರಹೋಗಿಲ್ಲವೇ ಎಂದು ಕೇಳಿದರು. ಕ್ಯಾಪ್ಟನ್ ಆ ಅನುಮಾನವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಇಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎರಡೂ ವಿಮಾನಗಳು ಡಿಕ್ಕಿ ಹೊಡೆದವು. 583 ಮಂದಿ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಇಂದಿಗೂ ಅದಕ್ಕಿಂತ ದೊಡ್ಡ ಅಪಘಾತವಿಲ್ಲ.

ಮರುವರ್ಷ, 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇನ್ನೊಂದು ಅಪಘಾತ. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿದರು. ಇಂಧನ ಕಡಿಮೆಯಾಗುತ್ತಿದೆ ಎಂಬುದು ಜೊತೆಯವರಿಗೆ ತಿಳಿದಿತ್ತು. ಅವರು ಹೇಳಲಿಲ್ಲವೆಂದಲ್ಲ, ಹೇಳಿದರು. ಆದರೆ ಮೆಲ್ಲಗೆ, ಸೂಚನೆಯ ಹಾಗೆ. "ಇನ್ನು ಇಳಿಯಲೇಬೇಕು" ಎಂದು ಗಟ್ಟಿಯಾಗಿ ಯಾರೂ ಹೇಳಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು. ಹತ್ತು ಮಂದಿ ಪ್ರಾಣ ಕಳೆದುಕೊಂಡರು.

ಇಲ್ಲಿಗೆ ಬಂದಾಗ ನನ್ನ ಎದೆ ಒಮ್ಮೆ ಝಲ್ ಎಂದಿತು. ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹಾಸನದಲ್ಲಿ ಸಂಬಂಧಿಕರ ಮದುವೆ ಮುಗಿಸಿ ರಾತ್ರಿ ಕಾರಿನಲ್ಲಿ ಮರಳುತ್ತಿದ್ದೆವು. ಇವರದೇ ಡ್ರೈವಿಂಗ್. ಮುಂದಿನ ಸೀಟಿನಲ್ಲಿ ಮಾವ. ಹಿಂದೆ ಅತ್ತೆ, ಮಗಳು ಮತ್ತು ಮಡಿಲಲ್ಲಿ ಸಣ್ಣ ಮಗನನ್ನು ಮಲಗಿಸಿಕೊಂಡ ನಾನು. ಹಿಂದಿನ ಸೀಟಿಗೂ ಬೆಲ್ಟ್ ಇದೆ ಎಂಬುದು ನಮಗೆ ನೆನಪೇ ಇರಲಿಲ್ಲ. ಅದರ ಕೊಂಡಿ ಸೀಟಿನ ಸಂದಿಯಲ್ಲಿ ಎಲ್ಲೋ ಹುದುಗಿತ್ತು. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ದಾಟಿದ ಮೇಲೆ ಇವರು ಮತ್ತೆ ಮತ್ತೆ ಆಕಳಿಸುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ನನಗೆ ಭಯವಾಯಿತು. "ನಿಮಗೆ ನಿದ್ದೆ ಬರುತ್ತಿದೆ, ಕಾರು ನಿಲ್ಲಿಸಿ" ಎನ್ನಬೇಕಿತ್ತು. ಆದರೆ ಮಾವನ ಮುಂದೆ ಹಾಗೆ ಹೇಳುವುದು ಹೇಗೆ? "ಎಲ್ಲಾದರೂ ಚಾ ಕುಡಿಯೋಣವಾ?" ಎಂದೆ. "ಇನ್ನೇನು ಮನೆ ಬಂತು" ಎಂದರು ಇವರು. ನಾನು ಸುಮ್ಮನಾದೆ.

ಕಾಲು ಗಂಟೆಯೊಳಗೆ ಕಾರು ರಸ್ತೆ ಬಿಟ್ಟು ಪಕ್ಕದ ಜಲ್ಲಿ ರಾಶಿಗೆ ನುಗ್ಗಿ ನಿಂತಿತು. ಜಲ್ಲಿ ಇದ್ದದ್ದೇ ನಮ್ಮ ಪುಣ್ಯ. ಹತ್ತು ಮಾರು ಮುಂದೆ ತೋಡು ಇತ್ತು. ಮಡಿಲಲ್ಲಿದ್ದ ಮಗ ಜಾರಿ ಮುಂದಿನ ಸೀಟಿಗೆ ಬಡಿದು ತುಟಿ ಒಡೆದುಕೊಂಡ. ಮೂರು ಹೊಲಿಗೆ. ಉಳಿದವರಿಗೆ ಏನೂ ಆಗಲಿಲ್ಲ. ಮರುದಿನ ಇವರು ಕೇಳಿದರು: "ನನಗೆ ನಿದ್ದೆ ಬರುವುದು ನಿನಗೆ ಗೊತ್ತಾಗಿದ್ದರೆ ಹೇಳಬಾರದಿತ್ತೇ?" ನಾನೆಂದೆ: "ಹೇಳಿದೆನಲ್ಲ." "ಎಲ್ಲಿ ಹೇಳಿದೆ? ಚಾ ಬೇಕು ಎಂದೆ!"

ಇಬ್ಬರ ಮಾತೂ ನಿಜವಾಗಿತ್ತು. ಪೋರ್ಟ್‌ಲ್ಯಾಂಡ್ ವಿಮಾನದಲ್ಲಿ ಆದದ್ದೂ ಅದೇ ಅಲ್ಲವೇ?

ಆ ದುರಂತಗಳ ಬಳಿಕ ವಿಮಾನಯಾನ ಕ್ಷೇತ್ರ ಒಂದು ಪಾಠ ಕಲಿಯಿತು. ಯಂತ್ರವನ್ನು ಸರಿಪಡಿಸಿದರೆ ಸಾಲದು, ಅದರೊಳಗೆ ಕುಳಿತವರ ಮಾತುಕತೆಯನ್ನೂ ಸರಿಪಡಿಸಬೇಕು. 1981ರಲ್ಲಿ ಅಮೆರಿಕದ ಯುನೈಟೆಡ್ ಕಂಪೆನಿ ಇದಕ್ಕೆಂದೇ ತರಬೇತಿ ಆರಂಭಿಸಿತು. ಅದು ಇಂದು ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ಇದೆ. ಅದರ ಸಾರ ಇಷ್ಟೇ: ಕಿರಿಯ ತನಗೆ ಕಂಡ ಅಪಾಯವನ್ನು ಸ್ಪಷ್ಟವಾಗಿ ಹೇಳಬೇಕು, ಹಿರಿಯ ಅದನ್ನು ಅವಮಾನ ಎಂದುಕೊಳ್ಳದೆ ಕೇಳಬೇಕು.

ಪಾಠವಿದ್ದರೆ ಸಾಲದು, ಪ್ರತಿಸಲವೂ ಅದನ್ನು ಪಾಲಿಸಬೇಕು. ಇದಕ್ಕೆ ದೂರದ ಉದಾಹರಣೆ ಬೇಡ. 2010ರ ಮೇ 22ರ ಮುಂಜಾನೆಯನ್ನು ನಮ್ಮ ಕರಾವಳಿಯ ಯಾವ ಮನೆಯೂ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡರು. ಬದುಕುಳಿದವರು ಎಂಟೇ ಮಂದಿ. ತನಿಖಾ ವರದಿ ಹೇಳಿದ್ದೇನು ಗೊತ್ತೇ? ಕ್ಯಾಪ್ಟನ್ ಪ್ರಯಾಣದ ಬಹುಭಾಗ ನಿದ್ದೆಯಲ್ಲಿದ್ದರು. ಎದ್ದ ಬಳಿಕ ವಿಮಾನವನ್ನು ಇಳಿಸುವಾಗ ಅದು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೆ ಹೋಗೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ವಿಮಾನದ ಯಂತ್ರವೂ ಹಲವು ಬಾರಿ ಎಚ್ಚರಿಸಿತ್ತು. ಆದರೂ ಕ್ಯಾಪ್ಟನ್ ಇಳಿಸಿಯೇ ಇಳಿಸಿದರು.

ಹೇಳುವವರು ಮೂರು ಬಾರಿ ಹೇಳಿದರೂ ಕೇಳುವವರು ಕೇಳದಿದ್ದರೆ ಫಲವಿಲ್ಲ. ಆದ್ದರಿಂದ ಈ ಮಾತು ನಮಗೆ ಮಾತ್ರವಲ್ಲ, ಸ್ಟಿಯರಿಂಗ್ ಹಿಡಿದವರಿಗೂ. ಈ ಪುಟವನ್ನು ಅವರ ಕೈಗೂ ಕೊಡಿ.

ಮಕ್ಕಳೊಂದಿಗೆ ನೋಡಿದ ರೈಲಿನ ಕಥೆಯೊಂದನ್ನೂ ಹೇಳಬೇಕು. 1998ರ ಜೂನ್ 3ರಂದು ಜರ್ಮನಿಯ ಎಶೆಡೆ ಎಂಬ ಊರಿನ ಬಳಿ ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ರೈಲಿನ ಚಕ್ರದ ಉಕ್ಕಿನ ಪಟ್ಟಿ ಬಿರುಕುಬಿಟ್ಟು ಕಳಚಿತು. ಅದು ಬೋಗಿಯ ನೆಲವನ್ನು ಸೀಳಿ ಮೇಲೆ ಬಂತು. ಅದನ್ನು ಕಣ್ಣಾರೆ ಕಂಡ ಪ್ರಯಾಣಿಕರೊಬ್ಬರು ಹೆಂಡತಿ, ಮಗುವನ್ನು ಅಲ್ಲಿಂದ ಎಬ್ಬಿಸಿ, ಕಂಡಕ್ಟರ್ ಎಲ್ಲಿದ್ದಾರೆಂದು ಹುಡುಕಿಕೊಂಡು ಹೋದರು. ತುರ್ತು ಬ್ರೇಕ್ ಎಳೆಯಲಿಲ್ಲ. ಕಂಡಕ್ಟರ್ ಕೂಡ ನೋಡದೆ ರೈಲು ನಿಲ್ಲಿಸಲಿಲ್ಲ. ಇಬ್ಬರೂ ಆ ಬೋಗಿಯತ್ತ ಬರುವಷ್ಟರಲ್ಲಿ ರೈಲು ಹಳಿ ತಪ್ಪಿ ಸೇತುವೆಗೆ ಬಡಿಯಿತು. 101 ಮಂದಿ ಸತ್ತರು. ಆ ಪ್ರಯಾಣಿಕರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಸುಮ್ಮಸುಮ್ಮನೆ ಚೈನ್ ಎಳೆದರೆ ದಂಡ ಎಂಬ ಫಲಕ ಓದಿಯೇ ಬೆಳೆದವರು ನಾವು. ಆದರೆ ನಿಜವಾದ ಅಪಾಯಕ್ಕೆಂದೇ ಆ ಚೈನ್ ಇರುವುದು ಎಂದು ಮಕ್ಕಳಿಗೆ ಹೇಳಿಕೊಡುವವರು ಯಾರು?

ಹಾಗಾದರೆ ನಾವೇನು ಮಾಡಬಹುದು? ಪೈಲಟ್‌ಗಳಿಗೆ ಕಲಿಸುವ ಕ್ರಮವೊಂದಿದೆ. ಮೊದಲು ಕರೆಯಿರಿ. ನಿಮಗಿರುವ ಆತಂಕವನ್ನು ಹೇಳಿ. ಕಂಡದ್ದನ್ನು ಹೇಳಿ. ಏನು ಮಾಡಬಹುದೆಂದು ಹೇಳಿ. ಕೊನೆಗೆ ಒಪ್ಪಿಗೆ ಕೇಳಿ. ಬಾಡಿಗೆ ಕಾರಿನ ಚಾಲಕ ಮೊಬೈಲ್‌ನಲ್ಲಿ ಮಾತಾಡುತ್ತಾ ಓಡಿಸುತ್ತಿದ್ದಾನೆ ಎನ್ನಿ. "ಅಣ್ಣಾ, ನನಗೆ ಹೆದರಿಕೆಯಾಗುತ್ತಿದೆ. ನೀವು ಒಂದೇ ಕೈಯಲ್ಲಿ ಓಡಿಸುತ್ತಿದ್ದೀರಿ. ಬದಿಗೆ ನಿಲ್ಲಿಸಿ ಮಾತು ಮುಗಿಸಿ, ಆಮೇಲೆ ಹೋಗೋಣ. ಆಗಬಹುದಲ್ಲ?" ಇದರಲ್ಲಿ ಜಗಳವಿಲ್ಲ, ಅಗೌರವವೂ ಇಲ್ಲ. ಆದರೆ ಅರ್ಥವಾಗದೆ ಉಳಿಯುವುದೂ ಏನಿಲ್ಲ. ಗಂಡನಿಗಾಗಲಿ ಮೈದುನನಿಗಾಗಲಿ ಇದೇ ರೀತಿ ಹೇಳಬಹುದು. ಸುತ್ತು ಬಳಸಿ ಚಾ ಕೇಳುವುದು ಬೇಡ.

ಇನ್ನು ಮಡಿಲಿನ ಮಗುವಿನ ವಿಷಯ. ನಾವು ಗಟ್ಟಿಯಾಗಿ ಅಪ್ಪಿ ಹಿಡಿದರೆ ಮಗು ಸುರಕ್ಷಿತ ಎಂದುಕೊಳ್ಳುತ್ತೇವೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಎದುರಿನ ಯಾವುದಕ್ಕಾದರೂ ಬಡಿದು ತಟ್ಟನೆ ನಿಂತರೆ ಹತ್ತು ಕಿಲೋ ತೂಗುವ ಮಗುವನ್ನು ತಡೆಯಲು ಆ ಕ್ಷಣದಲ್ಲಿ 150 ಕಿಲೋಗೂ ಮಿಕ್ಕಿದ ಮೂಟೆಯನ್ನು ಹಿಡಿಯುವಷ್ಟು ಶಕ್ತಿ ಬೇಕು. ಯಾವ ತಾಯಿಯ ತೋಳಿಗೂ ಅಷ್ಟು ಬಲವಿಲ್ಲ. ಮಕ್ಕಳಿಗೆ ಅವರದೇ ಸೀಟು ಬೇಕು, ನಮಗೆ ಬೆಲ್ಟ್ ಬೇಕು. ಇಂದು ನಾವು ಕಟ್ಟುವ, ಭುಜ ಮತ್ತು ಸೊಂಟವನ್ನು ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪೆನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಕಂಪೆನಿ ಅದರ ಹಕ್ಕನ್ನು ತನ್ನಲ್ಲೇ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಹಿಂದೆ ಕುಳಿತವರೂ ಬೆಲ್ಟ್ ಕಟ್ಟಬೇಕೆಂಬುದು ನಮ್ಮ ದೇಶದ ನಿಯಮ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರು ಕುಳಿತದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ.

ಈ ಸರಣಿಗಳನ್ನು ಮಕ್ಕಳು ನೋಡಲಿ ಎಂದು ಈಗ ನಾನೇ ಹೇಳುತ್ತೇನೆ. ಆದರೆ ತೀರಾ ಸಣ್ಣವರಿಗೆ ಬೇಡ. ಅದರಲ್ಲಿನ ನಟರ ಚೀರಾಟ, ಬೆಂಕಿ, ಹೊಗೆ ಅವರ ನಿದ್ದೆ ಕೆಡಿಸಬಹುದು. ದೊಡ್ಡ ಮಕ್ಕಳು ನೋಡುವಾಗ ನಾವೂ ಜೊತೆಗಿರೋಣ. ಅಪಘಾತದ ದೃಶ್ಯ ಮುಗಿದೊಡನೆ ಚಾನೆಲ್ ಬದಲಿಸಲು ಬಿಡಬೇಡಿ. ತಿಳಿಯಬೇಕಾದದ್ದು ಬರುವುದು ಆಮೇಲೆಯೇ.

ವಿಮಾನದ ಬ್ಲ್ಯಾಕ್ ಬಾಕ್ಸ್‌ನ ಹಿಂದಿನ ಕಥೆಯೂ ಗೊತ್ತಿರಲಿ. ಹೆಸರಿನಲ್ಲಿ ಮಾತ್ರ ಕಪ್ಪು, ಬಣ್ಣ ಕಿತ್ತಳೆ. ಕಾಕ್‌ಪಿಟ್‌ನ ಮಾತುಗಳನ್ನು ಅದರಲ್ಲಿ ದಾಖಲಿಸುವ ಆಲೋಚನೆ ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರೆನ್ ಅವರದು. 1934ರಲ್ಲಿ, ಅವರು ಚಿಕ್ಕ ಹುಡುಗನಾಗಿದ್ದಾಗ, ಅವರ ತಂದೆ ವಿಮಾನ ಅಪಘಾತದಲ್ಲೇ ತೀರಿಕೊಂಡಿದ್ದರು. ಆ ಸಾಧನ ಇಲ್ಲದಿದ್ದರೆ ಹಿಂದಿನ ಸೀಟಿನ ಆ ಮೆಲುದನಿ, ಮಂಗಳೂರಿನ ಆ ಮೂರು ಎಚ್ಚರಿಕೆಗಳು ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಕಾರಿನಲ್ಲಿ ಅಂಥ ಪೆಟ್ಟಿಗೆ ಇಲ್ಲ, ಸಹೋದರಿಯರೇ. ನಾವು ನುಂಗಿಕೊಂಡ ಮಾತನ್ನು ಆಮೇಲೆ ಯಾರೂ ಹೊರತೆಗೆದು ಕೇಳಿಸಲಾರರು. ಆದ್ದರಿಂದ ಮಾತು ಉಪಯೋಗಕ್ಕೆ ಬರುವ ಹೊತ್ತಿನಲ್ಲೇ ಹೇಳಿಬಿಡಿ. ಈಗ ನಮ್ಮ ಮನೆಯಲ್ಲಿ ಕಾರು ಹೊರಡುವ ಮೊದಲು ಹಿಂದಿನ ಸೀಟಿನಿಂದ ಮಗಳ ದನಿ ಕೇಳುತ್ತದೆ: "ಉಪ್ಪಾ, ನಿಲ್ಲಿ. ಉಮ್ಮನ ಬೆಲ್ಟ್ ಆಗಿಲ್ಲ."

ಇವರು ನಿಲ್ಲುತ್ತಾರೆ.