ಮೂವತ್ತೈದರ ನಿವೃತ್ತಿ

ಶಂಕರ್ ಲಕ್ಷ್ಮಣ್ ಎಂಬ ಗೋಲ್‌ಕೀಪರ್ ಇಂದು ಎಷ್ಟು ಮಂದಿಗೆ ನೆನಪಿದ್ದಾರೋ ಕಾಣೆ. 1956ರ ಮೆಲ್ಬರ್ನ್, 1960ರ ರೋಮ್, 1964ರ ಟೋಕಿಯೊ, ಈ ಮೂರೂ ಒಲಿಂಪಿಕ್ಸ್‌ನ ಹಾಕಿ ಫೈನಲ್‌ಗಳಲ್ಲಿ ಪಾಕಿಸ್ತಾನದ ಎದುರು ಭಾರತದ ಗೋಲು ಕಾದವರು ಅವರು. ಮೂರೂ ಪಂದ್ಯ ಸೇರಿ ಬಿಟ್ಟುಕೊಟ್ಟದ್ದು ಒಂದೇ ಗೋಲು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯೋಧ. 1966ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಯಕರಾಗಿ ಚಿನ್ನ ಗೆದ್ದರು. 1968ರ ಒಲಿಂಪಿಕ್ಸ್ ತಂಡದಲ್ಲಿ ಜಾಗ ಸಿಗದಿದ್ದಾಗ ಆಟವನ್ನೇ ಬಿಟ್ಟರು. ಆಮೇಲೂ ಅವರ ಮುಂದೆ ಮೂವತ್ತೆಂಟು ವರ್ಷಗಳ ಬದುಕಿತ್ತು. 2006ರಲ್ಲಿ, ಹುಟ್ಟೂರಾದ ಮಧ್ಯಪ್ರದೇಶದ ಮಹೂನಲ್ಲಿ, ಕಾಲಿಗೆ ಗ್ಯಾಂಗ್ರಿನ್ ಆಗಿ, ಕಷ್ಟದಲ್ಲೇ ತೀರಿಕೊಂಡರು.

ಆ ಮೂವತ್ತೆಂಟು ವರ್ಷಗಳ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಉಳಿದವರು ವೃತ್ತಿಯಲ್ಲಿ ಕಾಲೂರುವ ವಯಸ್ಸಿಗೆ ಆಟಗಾರನ ವೃತ್ತಿ ಮುಗಿದಿರುತ್ತದೆ. ಬೆಳಗಿನ ಐದರ ಅಭ್ಯಾಸ, ಊಟದ ಲೆಕ್ಕ, ಜೊತೆಗಾರರು, ಕೋಚ್‌ನ ಗದರಿಕೆ ಎಲ್ಲ ಒಂದೇ ದಿನದಲ್ಲಿ ನಿಂತುಹೋಗುತ್ತವೆ. ಸವೆದ ಮೊಣಕಾಲು ಮಾತ್ರ ಜೊತೆಗೆ ಉಳಿಯುತ್ತದೆ. ಸನ್ಮಾನಕ್ಕೆ ಶಾಲು, ಪೇಟ ಹಿಡಿದು ಬರುವ ಜನ ಇದನ್ನು ಕೇಳುವುದಿಲ್ಲ.

ಪಿಂಚಣಿ ಇಲ್ಲವೆಂದಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಒಲಿಂಪಿಕ್ಸ್ ಪದಕ ವಿಜೇತರ ಮಾಸಾಶನವನ್ನು 20,000 ರೂಪಾಯಿಗೆ ಏರಿಸಿತು. ಆದರೆ ಅದು ದೊಡ್ಡ ಪದಕ ಗೆದ್ದವರಿಗೆ. ರಾಜ್ಯಕ್ಕಾಗಿ ಹತ್ತು ವರ್ಷ ಓಡಿ ಪದಕದ ಹತ್ತಿರ ಬಂದು ನಿಂತವರು, ಅಂಥವರೇ ಹೆಚ್ಚು, ಈ ಲೆಕ್ಕಕ್ಕೆ ಸೇರುವುದಿಲ್ಲ. ಹಿಂದೆ ಬೆಂಗಳೂರಿನ ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ಫುಟ್‌ಬಾಲ್ ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಈಗಿನ ಲೀಗ್‌ಗಳ ಒಪ್ಪಂದದಲ್ಲಿ ಹಣ ಹೆಚ್ಚು, ಆ ಭದ್ರತೆ ಇಲ್ಲ.

ಪ್ರಕಾಶ್ ಪಡುಕೋಣೆ 1994ರಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿ ಕಟ್ಟಿದರು, ಅಶ್ವಿನಿ ನಾಚಪ್ಪ ಗೋಣಿಕೊಪ್ಪದಲ್ಲಿ ಶಾಲೆ ಕಟ್ಟಿದರು. ಆಟದಲ್ಲಿ ಕಲಿತದ್ದು ಮುಂದಿನ ಪೀಳಿಗೆಗೆ ಹೀಗೆ ದಾಟಬೇಕು. ಆದರೆ ಆ ಹೆಸರು, ಆ ಬೆಂಬಲ ಎಲ್ಲರಿಗೂ ಎಲ್ಲಿಂದ ಬರಬೇಕು? ದೈಹಿಕ ಶಿಕ್ಷಕರಾಗೋಣವೆಂದರೆ ಬಿ.ಪಿ.ಎಡ್. ಬೇಕು. ಓದುವ ವಯಸ್ಸನ್ನೆಲ್ಲ ಮೈದಾನಕ್ಕೆ ಕೊಟ್ಟವರ ಕೈಯಲ್ಲಿ ಆ ಪದವಿ ಇರುವುದಿಲ್ಲ. ಮಕ್ಕಳಿಗೆ ಆಟ ಕಲಿಸಬಲ್ಲವರನ್ನೇ ಶಾಲೆಯ ಗೇಟಿನ ಹೊರಗೆ ನಿಲ್ಲಿಸುವ ಈ ನಿಯಮ ನನಗೆ ಅನ್ಯಾಯವಾಗಿ ಕಾಣುತ್ತದೆ.

ನಿವೃತ್ತ ಆಟಗಾರರಿಗೆ ತರಬೇತಿ ನೀಡುವ 'ರೀಸೆಟ್' ಯೋಜನೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ಆರಂಭಿಸಿದೆ. ಒಳ್ಳೆಯದೇ. ಆ ತರಬೇತಿಯ ಪ್ರಮಾಣಪತ್ರವನ್ನು ನಮ್ಮ ಶಿಕ್ಷಣ ಇಲಾಖೆ ನೇಮಕಾತಿಗೆ ಅರ್ಹತೆಯೆಂದು ಒಪ್ಪಿಕೊಂಡರೆ, ಆಟಗಾರರಿಗೆ ಸಂಬಳ, ಸರ್ಕಾರಿ ಶಾಲೆಯ ಮಕ್ಕಳಿಗೆ ಗುರು, ಎರಡೂ ಸಿಗುತ್ತವೆ.