ಸೊಪ್ಪಿಗೆ ಬೆಲೆ ಕೊಟ್ಟು ಹಂಚಲಿ
ಹಿರೋಷಿಮಾ ನಗರದ ಕವಾವುಚಿಯಲ್ಲಿ, ಓತಾ ನದಿ ತಂದ ಮರಳುಮಣ್ಣಿನ ಪುಟ್ಟ ತಾಕುಗಳಲ್ಲಿ, ಉಪ್ಪಿನಲ್ಲಿ ಊರಹಾಕುವ ಹಿರೋಷಿಮಾನಾ ಸೊಪ್ಪು ಬೆಳೆಯುತ್ತದೆ. ಅದೇ ಜಪಾನಿನಲ್ಲಿ, 2021ರ ಸರ್ಕಾರಿ ಲೆಕ್ಕದಂತೆ, ಶೇ 11.5ರಷ್ಟು ಮಕ್ಕಳು ಬಡತನದಲ್ಲಿದ್ದರು. ಆಹಾರ ಪೋಲು ತಡೆಯಲು 2019ರಲ್ಲಿ ಬಂದ ಕಾಯ್ದೆ, ಇಲ್ಲದವರಿಗೆ ಆಹಾರ ಹಂಚುವ ಆಹಾರ ಬ್ಯಾಂಕುಗಳಿಗೆ ಬೆಂಬಲ ಕೊಡಿ ಎನ್ನುತ್ತದೆ, ಒಳ್ಳೆಯದೇ. ಆದರೆ ಡೊಂಕು ಮೂಲಂಗಿ, ಹುಳು ಕೊರೆದ ಎಲೆ ಎಂದು ಮಾರುಕಟ್ಟೆ ತಳ್ಳಿದ್ದನ್ನು ರೈತ ದಾನ ಮಾಡಲಿ ಎಂದು ಕಾಯುವುದು ನ್ಯಾಯವಲ್ಲ. ಕೊಯ್ಲಿನ ಕೂಲಿ, ಸಾಗಣೆಯ ಖರ್ಚು ಅವನ ತಲೆಗೇ ಬೀಳುತ್ತದೆ. ಸ್ಥಳೀಯ ಆಡಳಿತ ಅದನ್ನು ಬೆಲೆ ಕೊಟ್ಟು ಕೊಂಡು ಹಂಚಬೇಕು. ಸೊಪ್ಪು ಬೇಗ ಬಾಡುತ್ತದೆ, ಹಂಚಲು ಅಕ್ಕಿಯೇ ಸುಲಭ ಎನ್ನುವವರಿದ್ದಾರೆ. ಆದರೆ ಹೊಲ ನಗರದೊಳಗೇ ಇರುವಾಗ ಬೆಳಗ್ಗೆ ಕೊಯ್ದದ್ದು ಸಂಜೆಯ ಊಟಕ್ಕೆ ತಲುಪೀತು. ದುಡ್ಡೆಲ್ಲಿ ಎಂಬವರು ಕರ್ನಾಟಕವನ್ನು ನೋಡಲಿ: 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಸರ್ಕಾರ ಸಹಕಾರಿ ಹಾಲನ್ನು ಕೊಂಡೇ ಶಾಲೆಗೆ ಕೊಡುತ್ತದೆ, ಒಂದೆರಡು ಹಸು ಕಟ್ಟಿದ ಮನೆಗೂ ಆ ಹಣ ಮುಟ್ಟುತ್ತದೆ.